ಕೊಡಗಿನ ಮಳೆಯಲ್ಲಿ ದೊಡ್ಡ ಎಸ್‌ಯುವಿ: ಮೇ ತಿಂಗಳಿಂದ ಮೇ ತಿಂಗಳವರೆಗಿನ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ದೊಡ್ಡ ಗಾಡಿಗಳು ಓಡುವುದು ಕಡಿಮೆ. ತೋಟದಿಂದ ಪೇಟೆ, ಪೇಟೆಯಿಂದ ತೋಟ, ಮದುವೆಗೆ ವಿರಾಜಪೇಟೆ, ಆಸ್ಪತ್ರೆ ಕೆಲಸಕ್ಕೆ ಮೈಸೂರು, ಅಷ್ಟೇ. ಐದು ವರ್ಷ ಆದರೂ ಮೀಟರ್ 40 ಸಾವಿರ ದಾಟಿರುವುದಿಲ್ಲ. ಆದರೆ ಅದೇ ಗಾಡಿಯ ಕೆಳಗೆ ಟಾರ್ಚ್ ಹಿಡಿದು ನೋಡಿ. ಚಾಸಿ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಮೂಲೆಯಲ್ಲಿ ಒಣಗಿದ ಕೆಸರು, ಬೋಲ್ಟ್ ತಲೆಗಳಲ್ಲಿ ತುಕ್ಕು, ಕೀಲುಗಳನ್ನು ಮುಚ್ಚುವ ರಬ್ಬರ್ ಬೂಟು ಹರಿದಿರುತ್ತದೆ. ಬೆಂಗಳೂರಿನಲ್ಲಿ ಒಂದು ಲಕ್ಷ ಕಿ.ಮೀ. ಓಡಿದ ಗಾಡಿಯ ಹೊಟ್ಟೆ ಇದಕ್ಕಿಂತ ಚೆನ್ನಾಗಿರುತ್ತದೆ.

ಸರ್ವಿಸ್ ಪುಸ್ತಕದಲ್ಲಿ ‘10,000 ಕಿ.ಮೀ. ಅಥವಾ ಒಂದು ವರ್ಷ’ ಅಂತ ಬರೆದಿರುತ್ತದೆ. ನಮ್ಮಲ್ಲಿ ಎಷ್ಟೋ ಜನ ಕಿ.ಮೀ. ಆಗಿಲ್ಲ ಅಂತ ಒಂದೂವರೆ, ಎರಡು ವರ್ಷ ಸುಮ್ನೆ ಇರುತ್ತಾರೆ. ಕೊಡಗಿನಲ್ಲಿ ಗಾಡಿ ಹಾಳಾಗುವುದು ಓಡಿ ಅಲ್ಲ. ನೆಂದು, ಕೆಸರು ಹಿಡಿದು, ಘಾಟಿ ಹತ್ತಿ ಇಳಿದು, ಶೆಡ್ಡಿನಲ್ಲಿ ನಿಂತು ಹಾಳಾಗುತ್ತದೆ. ಹಾಗಾಗಿ ಇಲ್ಲಿ ಲೆಕ್ಕ ಇಡಬೇಕಾದದ್ದು ಮಳೆಗಾಲದ್ದು. ಬಹಳಷ್ಟು ಕಂಪನಿಗಳ ಮ್ಯಾನುಯಲ್‌ನಲ್ಲಿ ಬೆಟ್ಟದ ದಾರಿ, ಕೆಸರು, ಧೂಳು, ಚಿಕ್ಕ ಚಿಕ್ಕ ಓಡಾಟ ಇರುವ ಗಾಡಿಗಳಿಗೆ ಬೇರೆಯೇ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಆಯಿಲ್ ಬದಲಿಸುವ ಅಂತರ ಸಾಮಾನ್ಯ ಪಟ್ಟಿಗಿಂತ ಕಡಿಮೆ. ಕೊಡಗಿನವರು ಓದಬೇಕಾದದ್ದು ಆ ಪುಟವನ್ನೇ.

ಮೊದಲು ನಿಮ್ಮ ಗಾಡಿಯನ್ನು ತಿಳಿದುಕೊಳ್ಳಿ

ನಾಲ್ಕು ವಿಷಯ ಗೊತ್ತಿದ್ದರೆ ಸಾಕು.

ಒಂದು, ಚಾಸಿ ಬೇರೆ ಬಾಡಿ ಬೇರೆ ಇರುವ ಗಾಡಿಯೋ, ಎರಡೂ ಒಂದೇ ಆಗಿರುವ ಗಾಡಿಯೋ. ಫಾರ್ಚೂನರ್, ಎಂಡೀವರ್, ಸ್ಕಾರ್ಪಿಯೋ, ಥಾರ್ ಎಲ್ಲವೂ ಮೊದಲ ಜಾತಿ. ಎಕ್ಸ್‌ಯುವಿ 700, ಈಗಿನ ಸಫಾರಿ ಎರಡನೆಯದು. ಮೊದಲ ಜಾತಿಯಲ್ಲಿ ಚಾಸಿಯ ಪೆಟ್ಟಿಗೆ ಒಳಗೆ ಕೆಸರು ಸೇರುವ ತೊಂದರೆ ಜಾಸ್ತಿ.

ಎರಡು, ಡೀಸೆಲ್ ಆದರೆ ಬಿಎಸ್ 6 (ಹೊಗೆ ನಿಯಂತ್ರಣದ ಈಗಿನ ಮಾನದಂಡ) ಹೌದೋ ಅಲ್ಲವೋ. 2020ರ ಏಪ್ರಿಲ್ 1ರಿಂದ ಮಾರಿದ ಹೊಸ ಗಾಡಿಗಳೆಲ್ಲ ಬಿಎಸ್ 6. ಇವುಗಳಲ್ಲಿ ಡೀಸೆಲ್ ಗಾಡಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುತ್ತದೆ. ಅದರ ಕಥೆ ಮುಂದೆ ಹೇಳುತ್ತೇನೆ.

ಮೂರು, ಎಂಜಿನ್ನಿನ ವಾಲ್ವು, ಪಿಸ್ಟನ್ ತಾಳ ತಪ್ಪದಂತೆ ಓಡಿಸಲು ಟೈಮಿಂಗ್ ಬೆಲ್ಟ್ ಇದೆಯೋ ಚೈನ್ ಇದೆಯೋ. ಹಳೆಯ 3.0 ಲೀಟರ್ ಫಾರ್ಚೂನರ್‌ಗೆ ಬೆಲ್ಟ್. 2016ರಲ್ಲಿ ಬಂದ 2.8 ಲೀಟರ್‌ಗೆ ಚೈನ್. ಬೆಲ್ಟ್ ಇರುವ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರೆ, ಬದಲಿಸಿದ ಬಿಲ್ಲು ಕಣ್ಣಿಗೆ ಕಾಣದಿದ್ದರೆ, ಬದಲಿಸಿಲ್ಲ ಅಂತಲೇ ತಿಳಿದುಕೊಂಡು ಹೊಸದು ಹಾಕಿಸಿ. ಬೆಲ್ಟ್ ತುಂಡಾದರೆ ವಾಲ್ವು, ಪಿಸ್ಟನ್ ಒಂದಕ್ಕೊಂದು ಬಡಿದು ಎಂಜಿನ್ ಬಿಚ್ಚುವ ಕೆಲಸ ಬರುತ್ತದೆ.

ನಾಲ್ಕು, ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ವ್ಯವಸ್ಥೆ) ಇದೆಯೋ, ಇದ್ದರೆ ಯಾವ ಥರದ್ದು.

ಮೇ ತಿಂಗಳು: ಬ್ರೇಕಿನಿಂದ ಶುರು ಮಾಡಿ

ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಮುಗಿದು ಜೂನ್ ಮಳೆ ಹಿಡಿಯುವುದರೊಳಗೆ ಮೂರ್ನಾಲ್ಕು ವಾರ ಸಿಗುತ್ತದೆ. ವರ್ಷದ ದೊಡ್ಡ ಸರ್ವಿಸ್ ಮಾಡಿಸುವುದಾದರೆ ಅದೇ ಸಮಯ. ಜೂನ್ ಮಧ್ಯಕ್ಕೆ ಗ್ಯಾರೇಜಿನಲ್ಲಿ ಜಾಗವೂ ಸಿಗುವುದಿಲ್ಲ, ಕೆಸರು ತೊಟ್ಟಿಕ್ಕುವ ಗಾಡಿಯ ಕೆಳಗೆ ಮಲಗಿ ಯಾರೂ ಸರಿಯಾಗಿ ನೋಡುವುದೂ ಇಲ್ಲ.

ಬ್ರೇಕಿಗೆ ಮೊದಲ ಸ್ಥಾನ ಯಾಕೆ ಅಂದರೆ, ನಮ್ಮ ದಾರಿಗಳು ಹಾಗಿವೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆಗೆ ಇಳಿಯುವಷ್ಟರಲ್ಲಿ ಆ ಎತ್ತರದ ಬಹುಪಾಲು ಮುಗಿದಿರುತ್ತದೆ. ಎರಡು ಟನ್ನಿಗೂ ಮೀರಿದ ಗಾಡಿ, ಮೇಲೆ ಏಳು ಜನ, ಲಗೇಜು. ಇಷ್ಟು ಭಾರ ಕೆಳಗೆ ಬರುವಾಗ ಹುಟ್ಟುವ ಬಿಸಿಯೆಲ್ಲ ಎಂಜಿನ್ನಿಗೆ ಹೋಗಬೇಕು, ಇಲ್ಲವೇ ಬ್ರೇಕಿಗೆ. ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವವರಿಗೂ ಇದೇ ಮಾತು.

ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಅದರ ಗುಣವೇ ಅದು. ಡಾಟ್ 3 ಅನ್ನುವ ದರ್ಜೆಯ ಹೊಸ ಆಯಿಲ್ ಕುದಿಯುವುದು 205 ಡಿಗ್ರಿಗೆ, ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4 ಆದರೆ 230 ಇದ್ದದ್ದು 155ಕ್ಕೆ ಇಳಿಯುತ್ತದೆ. ಕುದಿದಾಗ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಕೊಡಗಿನಷ್ಟು ತೇವ ಇರುವ ಕಡೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಲೇಬೇಕು. ಡಬ್ಬಿಗೆ ಮೇಲಿಂದ ಸ್ವಲ್ಪ ಸುರಿದರೆ ಆಗುವುದಿಲ್ಲ. ನಾಲ್ಕು ಚಕ್ರದ ನಿಪ್ಪಲ್‌ನಿಂದಲೂ ಹಳೆಯದು ಹೊರಗೆ ಬಂದು ಹೊಸದರ ಬಣ್ಣ ಕಾಣುವವರೆಗೆ ಬ್ಲೀಡ್ ಮಾಡಿಸಿ. ಆಯಿಲ್ ಯಾವುದು ಅಂತ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಸೀಲ್ ಒಡೆದು ಎಷ್ಟೋ ದಿನದಿಂದ ಇಟ್ಟ ಬಾಟಲಿಯದ್ದು ಬೇಡ.

ಮುಂದಿನ ಬ್ರೇಕ್ ಪ್ಯಾಡ್ 3 ಮಿ.ಮೀ.ಗೆ ಬಂದಿದ್ದರೆ ಮಳೆಗೆ ಮುಂಚೆಯೇ ಹಾಕಿಸಿಬಿಡಿ. ಡಿಸ್ಕಿನ ಅಂಚಿನಲ್ಲಿ ಅಥವಾ ನಡುವಿನ ಟೋಪಿಯ ಭಾಗದಲ್ಲಿ ಅದರ ಕನಿಷ್ಠ ದಪ್ಪ ಒತ್ತಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಲೇತಿಗೆ ಕೊಟ್ಟು ಉಜ್ಜಿಸುವುದು ತಪ್ಪು, ಹೊಸದೇ ಬೇಕು. ಹಿಂದೆ ಡ್ರಮ್ ಇದ್ದರೆ ಬಿಚ್ಚಿಸಿ ಕೆಸರು ತೆಗೆಸಿ. ಪ್ಯಾಡ್‌ಗಳನ್ನು ಹಿಡಿದು ಒತ್ತುವ ಕ್ಯಾಲಿಪರಿನ ಪಿನ್‌ಗಳನ್ನು ಹೊರಗೆ ಎಳೆದು, ಒರೆಸಿ, ಬ್ರೇಕಿಗೆ ಅಂತಲೇ ಬರುವ ಗ್ರೀಸ್ ಹಾಕಿಸಿ. ನಮ್ಮ ಗಾಡಿಗಳಲ್ಲಿ ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಹಾಗೇ ಉಳಿದಿರುವುದಕ್ಕೆ ಈ ಪಿನ್ ಜಾಮ್ ಆಗಿರುವುದೇ ಹೆಚ್ಚಾಗಿ ಕಾರಣ.

ಇಷ್ಟೆಲ್ಲ ಮಾಡಿಸಿದರೂ ಇಳಿಯುವ ರೀತಿ ಸರಿ ಇಲ್ಲದಿದ್ದರೆ ಪ್ರಯೋಜನ ಇಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಟೋಮ್ಯಾಟಿಕ್ ಆದರೆ ‘ಡಿ’ಯಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬರಬೇಡಿ. ಮ್ಯಾನುಯಲ್ ಮೋಡಿಗೆ ಹಾಕಿ ಎರಡೋ ಮೂರೋ ಗೇರಿನಲ್ಲಿ ಹಿಡಿಯಿರಿ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ತಣ್ಣಗಾಗಲು ಬಿಡಿ. ಬಿಸಿ ಡಿಸ್ಕಿಗೆ ನೀರು ಸುರಿಯಬೇಡಿ. ಡಿಸ್ಕ್ ಸೊಟ್ಟಗಾಗಿ ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತದೆ.

ಟೈರು

ಕಾನೂನಿನ ಪ್ರಕಾರ ಟೈರಿನ ಗೆರೆಯ ಆಳ 1.6 ಮಿ.ಮೀ. ಇದ್ದರೆ ಸಾಕು. ಟೈರಿನ ತೋಡಿನೊಳಗೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ, ಸವೆತ ಅಲ್ಲಿಗೆ ಬಂತು ಅಂದರೆ ಮುಗಿಯಿತು. ಆದರೆ ಸಂಪಾಜೆ ಘಾಟಿಯಲ್ಲಿ ಜುಲೈ ತಿಂಗಳು ರಸ್ತೆ ಮೇಲೆ ನೀರು ಹರಿಯುವಾಗ 1.6ರ ಮೇಲೆ ನಂಬಿಕೆ ಇಡಬೇಡಿ. 3 ಮಿ.ಮೀ.ಗೆ ಬಂದಿದ್ದರೆ ಮೇ ತಿಂಗಳಲ್ಲೇ ಬದಲಿಸಿ.

ಕಡಿಮೆ ಓಡುವ ಗಾಡಿಗಳಲ್ಲಿ ಗೆರೆ ಚೆನ್ನಾಗಿರುತ್ತದೆ, ರಬ್ಬರ್ ಸತ್ತಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. ‘3519’ ಅಂತಿದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿದ್ದರೆ, ಅದು ಒದ್ದೆ ರಸ್ತೆಗೆ ಆಗದು. ಸ್ಟೆಪ್ನಿಗೂ ಇದೇ ಪರೀಕ್ಷೆ.

ದಪ್ಪ ಗಡ್ಡೆಗಳ ಮಡ್ ಟೈರ್ ಹಾಕಿಸುವ ಆಸೆ ನಮ್ಮ ಹುಡುಗರಿಗೆ ಜಾಸ್ತಿ. ನೋಡಲು ಚೆನ್ನ ನಿಜ. ಆದರೆ ಒದ್ದೆ ಟಾರಿನಲ್ಲಿ ಅದರ ಹಿಡಿತ ಕಡಿಮೆ, ಮತ್ತು ನಾವು ಓಡಾಡುವುದು ಹೆಚ್ಚು ಟಾರಿನಲ್ಲೇ ಅಲ್ವಾ? ತೋಟದ ಮಣ್ಣು ದಾರಿ ಒಂದೆರಡು ಕಿ.ಮೀ. ಇರುವವರಿಗೆ ಆಲ್ ಟೆರೈನ್ ಟೈರ್ ಸಾಕು. ಕಂಪನಿ ಹೇಳಿದ ಸೈಜನ್ನೇ ಹಾಕಿ. ದೊಡ್ಡ ಸೈಜ್ ಹಾಕಿದರೆ ಮೀಟರ್ ತಪ್ಪು ತೋರಿಸುತ್ತದೆ, ಬ್ರೇಕಿಗೂ ಬೇರಿಂಗಿಗೂ ಭಾರ ಜಾಸ್ತಿ.

ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಇರುತ್ತದೆ. ತುಂಬಿದ ಗಾಡಿಗೆ ಬೇರೆ ಅಂಕಿ ಇರುವುದನ್ನು ಗಮನಿಸಿ. 10,000 ಕಿ.ಮೀ.ಗೊಮ್ಮೆ ಟೈರ್ ಅದಲು ಬದಲು ಮಾಡಿಸಿ.

ಹೆಚ್ಚಿನ ದೊಡ್ಡ ಗಾಡಿಗಳ ಸ್ಟೆಪ್ನಿ ಹೊಟ್ಟೆಯ ಕೆಳಗೆ ನೇತಾಡುತ್ತದೆ. ಅದನ್ನು ಇಳಿಸುವ ಚೈನು ಅಥವಾ ವೈರು ಕೆಸರು ತಿಂದು ತುಕ್ಕು ಹಿಡಿದು, ಬೇಕಾದ ದಿನ ಅಲ್ಲಾಡುವುದೇ ಇಲ್ಲ. ವರ್ಷಕ್ಕೆ ಎರಡು ಸಲ ಪೂರ್ತಿ ಇಳಿಸಿ, ತೊಳೆದು, ಗ್ರೀಸ್ ಹಚ್ಚಿ ಏರಿಸಿ. ಮನೆಯಲ್ಲೇ ಮಾಡಬಹುದು. ಹಾಗೇ ಜಾಕಿ ಹೊರತೆಗೆದು ಒಂದು ಚಕ್ರ ಬಿಚ್ಚಿ ಹಾಕಿ ನೋಡಿ. ಗಾಳಿಯ ಗನ್ನಿನಲ್ಲಿ ಬಿಗಿ ಮಾಡಿದ ನಟ್ಟು ಕೈ ಪಾನಾಕ್ಕೆ ಬಗ್ಗುವುದಿಲ್ಲ ಅನ್ನುವುದು ಅಂಗಳದಲ್ಲೇ ಗೊತ್ತಾಗಲಿ.

ನೀರು ಹೋಗುವ ದಾರಿಗಳು

ಇದನ್ನು ಯಾವ ಸರ್ವಿಸ್ ಸೆಂಟರಿನವರೂ ಕೇಳದೆ ಮಾಡಿಕೊಡುವುದಿಲ್ಲ. ನಮ್ಮ ಗಾಡಿಗಳು ನಿಲ್ಲುವುದು ಸಿಲ್ವರ್ ಓಕ್ ಮರದ ಕೆಳಗೆ. ಅದರ ಎಲೆ ವೈಪರ್ ಬುಡದ ಪ್ಲಾಸ್ಟಿಕ್ ಜಾಲರಿಯೊಳಗೆ ಸೇರಿ, ಕೊಳೆತು, ನೀರು ಇಳಿಯುವ ತೂತನ್ನು ಮುಚ್ಚುತ್ತದೆ. ಆಮೇಲೆ ನೀರು ಎಸಿ ಬ್ಲೋವರ್ ಮೂಲಕ ಕಾಲಿನ ಹತ್ತಿರ ಬರುತ್ತದೆ. ಮ್ಯಾಟಿನ ಕೆಳಗೆ ಎಷ್ಟೋ ಗಾಡಿಗಳಲ್ಲಿ ವೈರಿಂಗ್ ಜೋಡಣೆಗಳು ಇರುತ್ತವೆ, ಅವು ನೆನೆದರೆ ಡ್ಯಾಶ್‌ಬೋರ್ಡಿನಲ್ಲಿ ದೀಪಗಳ ಜಾತ್ರೆ ಶುರು.

ಮಾಡಬೇಕಾದದ್ದು ಇಷ್ಟು:

1. ಬಾನೆಟ್ ಎತ್ತಿ, ವೈಪರ್ ಬುಡದ ಎಲೆಯನ್ನೆಲ್ಲ ಕೈಯಲ್ಲೇ ತೆಗೆಯಿರಿ. ಒಂದು ಚೊಂಬು ನೀರು ಸುರಿದು ಎರಡೂ ಕಡೆ ಚಕ್ರದ ಹಿಂದೆ ಇಳಿಯುತ್ತದೆಯೇ ನೋಡಿ.
2. ಸನ್‌ರೂಫ್ ಇದ್ದರೆ ತೆರೆದು ನಾಲ್ಕು ಮೂಲೆಯ ಸಣ್ಣ ತೂತುಗಳಿಗೆ ನಿಧಾನಕ್ಕೆ ನೀರು ಬಿಡಿ. ಕಟ್ಟಿಕೊಂಡಿದ್ದರೆ ಮೆತ್ತಗಿನ ನೈಲಾನ್ ದಾರ ತೂರಿಸಿ. ಕಂಪ್ರೆಸರ್ ಗಾಳಿ ಬಿಡಬೇಡಿ, ಒಳಗೆ ಪೈಪು ಕಳಚಿಕೊಳ್ಳುತ್ತದೆ.
3. ಬಾಗಿಲುಗಳ ಕೆಳ ಅಂಚಿನ ತೂತು, ಚಾಸಿಯ ಕೆಳಗಿನ ತೂತು ಕಡ್ಡಿಯಿಂದ ಬಿಡಿಸಿ.
4. ಗ್ಲೋವ್ ಬಾಕ್ಸ್ ಹಿಂದಿನ ಎಸಿ ಫಿಲ್ಟರ್ ಹೊರತೆಗೆದು ನೋಡಿ. ಒದ್ದೆಯಾಗಿದ್ದರೆ ಮೇಲೆ ಹೇಳಿದ ದಾರಿ ಕಟ್ಟಿದೆ ಅಂತಲೇ ಅರ್ಥ.

ವೈಪರ್ ರಬ್ಬರ್ ಪ್ರತಿ ವರ್ಷ ಹೊಸದು. ಇದರಲ್ಲಿ ಉಳಿತಾಯ ಬೇಡ.

ಬ್ಯಾಟರಿಯನ್ನು ರಾತ್ರಿಯೆಲ್ಲ ನಿಂತ ಮೇಲೆ ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ತೋರಿಸಬೇಕು. ತೋರಿಸದಿದ್ದರೆ ಡೈನಮೋ ನೋಡಿಸಿ, ಸುಮ್ನೆ ಹೊಸ ಬ್ಯಾಟರಿ ತರಬೇಡಿ.

ಡೀಸೆಲ್, ನೀರು, ಡಿಪಿಎಫ್

ತೋಟದಲ್ಲಿ ಪಂಪಿಗೆ, ಪಲ್ಪರಿಗೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಅಂತ ಬ್ಯಾರೆಲ್ಲಿನಲ್ಲಿ ಡೀಸೆಲ್ ಇಟ್ಟಿರುತ್ತೇವೆ. ಬಂದ್ ದಿನ, ಮಳೆ ದಿನ ಅದನ್ನೇ ಗಾಡಿಗೂ ಸುರಿಯುವ ರೂಢಿ ಇದೆ. ದಯವಿಟ್ಟು ಬೇಡ. ಅರ್ಧ ಖಾಲಿ ಬ್ಯಾರೆಲ್ಲಿನ ಒಳಗೋಡೆಯಲ್ಲಿ ತೇವ ಕಟ್ಟಿ ನೀರಾಗಿ ತಳಕ್ಕೆ ಇಳಿಯುತ್ತದೆ. ಹಳೆಯ ಜೀಪಿನ ಎಂಜಿನ್ ಅದನ್ನು ತಡೆದುಕೊಳ್ಳುತ್ತಿತ್ತು. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲ್ ಒತ್ತಡ 1,600 ಬಾರ್ ದಾಟುತ್ತದೆ. ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಎಣ್ಣೆಯ ಕೆಲಸ ಮಾಡುವುದು. ನೀರು ಸೇರಿದರೆ ಅವು ತಿಂದುಹೋಗುತ್ತವೆ, ಖರ್ಚು ಲಕ್ಷದ ಹತ್ತಿರ ಹೋಗುತ್ತದೆ.

ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಿಡುವ ಸ್ಕ್ರೂ ಹೆಚ್ಚಿನ ಗಾಡಿಗಳಲ್ಲಿ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಕೆಳಗೆ ಬಾಟಲಿ ಹಿಡಿದು, ಸ್ಕ್ರೂ ಸಡಿಲಿಸಿ, ಬರುವುದು ಬರೀ ಡೀಸೆಲ್ ಆಗುವವರೆಗೆ ಬಿಟ್ಟು ಮುಚ್ಚಿ. ಬಾಟಲಿ ಹತ್ತು ನಿಮಿಷ ಅಲ್ಲಾಡಿಸದೆ ಇಟ್ಟರೆ ನೀರು ತಳಕ್ಕೆ ನಿಲ್ಲುವುದು ಕಾಣುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಾಡಿ. ಫಿಲ್ಟರ್ ದೀಪ ಹತ್ತಿದರೆ ಅದೇ ದಿನ ಮಾಡಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಒಳಗೆ ತೇವ ಕಟ್ಟುವುದೂ ಕಡಿಮೆ.

ಇನ್ನು ಡಿಪಿಎಫ್. ಬಿಎಸ್ 6 ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಜಾಲರಿಯ ಡಬ್ಬಿ ಇದೆ. ಅದು ತುಂಬಿದಾಗ ಗಾಡಿ ತಾನೇ ಹೆಚ್ಚು ಡೀಸೆಲ್ ಬಿಟ್ಟು, ಸುಮಾರು 600 ಡಿಗ್ರಿ ಬಿಸಿ ಮಾಡಿ ಮಸಿ ಸುಡುತ್ತದೆ. ಅದಕ್ಕೆ ಹದಿನೈದಿಪ್ಪತ್ತು ನಿಮಿಷ ಒಂದೇ ಸಮ ಓಡಬೇಕು. ಪೊನ್ನಂಪೇಟೆಯ ತೋಟದಿಂದ ಗೋಣಿಕೊಪ್ಪ ಸಂತೆಗೆ ಹೋಗಿ ಬರುವ ಗಾಡಿಗೆ ಆ ಓಟವೇ ಸಿಗುವುದಿಲ್ಲ. ಪ್ರತಿ ಸಲ ಅರ್ಧ ಸುಟ್ಟು ನಿಲ್ಲುತ್ತದೆ. ಸುಡಲು ಬಿಟ್ಟ ಡೀಸೆಲ್ ಪೂರ್ತಿ ಉರಿಯದೆ ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಹಾಗಾಗಿ ಆಯಿಲ್ ಕಡ್ಡಿಯಲ್ಲಿ ಮಟ್ಟ ಕಡಿಮೆ ಆಗಿದೆಯೇ ಅಂತ ನೋಡುವಂತೆ, ಜಾಸ್ತಿ ಆಗಿದೆಯೇ ಅಂತಲೂ ನೋಡಬೇಕು. ಮೇಲಿನ ಗುರುತು ದಾಟಿ, ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಿಸುವ ಹೊತ್ತು ಬಂತು, ಕಿ.ಮೀ. ಎಷ್ಟೇ ಆಗಿರಲಿ.

ಎರಡು ವಾರಕ್ಕೊಮ್ಮೆ ಗಾಡಿಯನ್ನು ಕುಶಾಲನಗರದಿಂದ ಬೈಲಕುಪ್ಪೆ, ಪಿರಿಯಾಪಟ್ಟಣದವರೆಗೆ ಒಂದೇ ಸಮ 60–80ರ ವೇಗದಲ್ಲಿ ಓಡಿಸಿ ತನ್ನಿ. ಮೈಸೂರಿನ ಕೆಲಸವಿದ್ದರೆ ಅದರಲ್ಲೇ ಆಯಿತು. ಡಿಪಿಎಫ್ ದೀಪ ಹತ್ತಿದಾಗ ಮನೆ ಹತ್ತಿರ ಬಂತು ಅಂತ ಆಫ್ ಮಾಡಬೇಡಿ, ಇನ್ನೊಂದಷ್ಟು ದೂರ ಓಡಿಸಿ. ದೀಪ ಮಿನುಗಲು ಶುರುವಾದರೆ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಸುಡಿಸಬೇಕು. ಆಯಿಲ್ಲೂ ಡಿಪಿಎಫ್ ಗಾಡಿಗೆ ಅಂತ ಇರುವ ಕಡಿಮೆ ಬೂದಿಯದ್ದೇ ಆಗಬೇಕು. ಡಿಪಿಎಫ್ ಕಿತ್ತು ಖಾಲಿ ಪೈಪ್ ಹಾಕಿಕೊಡುತ್ತೇವೆ ಅನ್ನುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ, ಹೊಗೆಯೂ ನಮ್ಮ ಊರಿಗೇ.

ನಿಮಗೆ ನಿಜವಾಗಿ ಬೇಕಾದದ್ದು ದಿನಾ ಐದಾರು ಕಿ.ಮೀ. ಓಡಾಟ ಮಾತ್ರ ಆಗಿದ್ದರೆ, ಹೊಸ ಗಾಡಿ ತೆಗೆಯುವಾಗ ಪೆಟ್ರೋಲ್ ಯೋಚಿಸಿ. ಡೀಸೆಲ್ಲಿನ ಮೈಲೇಜು ಈ ಬಳಕೆಯಲ್ಲಿ ಲಾಭ ತರುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಕ್ಕಡದ ದಿನಗಳು: ಮಳೆ ನಡುವೆ

ಕಕ್ಕಡ, ಅಂದರೆ ಮಳೆ ಜೋರಿರುವ ಜುಲೈ, ಆಗಸ್ಟಿನಲ್ಲಿ ದೊಡ್ಡ ಕೆಲಸ ಏನೂ ಬೇಡ. ವಾರಕ್ಕೊಮ್ಮೆ ಅರ್ಧ ಗಂಟೆ ಕೊಡಿ.

ಚಕ್ರದ ಕಮಾನಿನ ಒಳಗೆ, ಚಾಸಿ ಪಕ್ಕದಲ್ಲಿ ಪೈಪ್ ಹಿಡಿದು ಕೆಸರು ಇಳಿಸಿ. ಮಳೆಯಲ್ಲೇ ಓಡಾಡುತ್ತೇವಲ್ಲ, ತೊಳೆಯುವುದೇಕೆ ಅನ್ನಬೇಡಿ. ನೀರು ಒಣಗುತ್ತದೆ, ಕೆಸರಿನ ಗಟ್ಟಿ ಮಾತ್ರ ವಾರಗಟ್ಟಲೆ ತೇವ ಹಿಡಿದುಕೊಂಡು ಕಬ್ಬಿಣ ತಿನ್ನುತ್ತದೆ. ಎಂಜಿನ್ ಮೇಲೆ ಪ್ರೆಶರ್ ನೀರು ಹೊಡೆಸಬೇಡಿ.

ಗಾಡಿ ದಿನಗಟ್ಟಲೆ ನಿಲ್ಲುವುದಾದರೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ತೇವಕ್ಕೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆಫ್ ಮಾಡುವುದರಿಂದ ಉಪಯೋಗವಿಲ್ಲ, ಬ್ಯಾಟರಿ ಇನ್ನೂ ಇಳಿಯುತ್ತದೆ. ಹತ್ತು ಕಿ.ಮೀ. ಓಡಿಸಿ, ಇಲ್ಲವೇ ಚಾರ್ಜರ್ ಹಾಕಿ.

ಒಳಗೆ ಬೂಷ್ಟು ಹಿಡಿಯದಂತೆ, ಒದ್ದೆ ಕೊಡೆ, ಜರ್ಕಿನ್, ಮ್ಯಾಟ್ ಗಾಡಿಯಲ್ಲಿ ಬಿಡಬೇಡಿ. ಮಳೆ ಬಿಟ್ಟ ಹೊತ್ತಲ್ಲಿ ಬಾಗಿಲು ತೆರೆದಿಡಿ. ಮನೆ ಸೇರುವ ಐದು ನಿಮಿಷ ಮುಂಚೆ ಎಸಿ ಬಂದ್ ಮಾಡಿ ಬರೀ ಫ್ಯಾನ್ ಓಡಿಸಿದರೆ ಎಸಿಯೊಳಗಿನ ತೇವ ಒಣಗುತ್ತದೆ, ಕೆಟ್ಟ ವಾಸನೆ ಬರುವುದಿಲ್ಲ.

ಇಲಿ ದೊಡ್ಡ ಶತ್ರು. ಮಳೆಗೆ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿಗೆ ಬರುತ್ತದೆ. ಭತ್ತದ ಮೂಟೆ, ಕಾಫಿ, ಕೋಳಿ ಆಹಾರ ಇಟ್ಟ ಶೆಡ್ಡಿನಲ್ಲೇ ಗಾಡಿ ನಿಲ್ಲಿಸಿದರೆ ಕರೆದು ಕೂರಿಸಿದಂತೆ. ಎರಡನ್ನೂ ಬೇರೆ ಮಾಡಿ. ರಾತ್ರಿ ಎಂಜಿನ್ ತಣ್ಣಗಾದ ಮೇಲೆ ಬಾನೆಟ್ ಎತ್ತಿಟ್ಟು ಹತ್ತಿರ ಒಂದು ಬಲ್ಬ್ ಉರಿಸಿ. ಇಲಿಗೆ ಬೆಳಕು, ತೆರೆದ ಜಾಗ ಆಗುವುದಿಲ್ಲ. ಏರ್ ಫಿಲ್ಟರ್ ಡಬ್ಬಿ ತಿಂಗಳಿಗೊಮ್ಮೆ ತೆರೆದು ನೋಡಿ. ವೈರ್ ಕಡಿದಿದ್ದರೆ ಟೇಪ್ ಸುತ್ತಿ ಮುಗಿಸಬೇಡಿ. ಬೆಸುಗೆ ಹಾಕಿಸಿ, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿಸಿ. ಟೇಪಿನೊಳಗೆ ತೇವ ಸೇರಿ ತಾಮ್ರ ಹಸಿರಾಗಿ ಆರು ತಿಂಗಳಲ್ಲಿ ಮತ್ತೆ ಕೈ ಕೊಡುತ್ತದೆ.

ರಸ್ತೆ ಮೇಲೆ ನೀರು ಬಂದಾಗ

ಭಾಗಮಂಡಲ–ನಾಪೋಕ್ಲು ರಸ್ತೆ ಮೇಲೆ ಕಾವೇರಿ ನೀರು ಬರುವುದು ಪ್ರತಿ ಮಳೆಗಾಲದ ಮಾತು. ಕಂಪನಿಯವರು ಫಾರ್ಚೂನರ್ 700 ಮಿ.ಮೀ., ಎಂಡೀವರ್ 800 ಮಿ.ಮೀ. ನೀರಿನಲ್ಲಿ ಹೋಗುತ್ತದೆ ಅಂತ ಹೇಳಿದ್ದಾರೆ. ಅದು ನಿಂತ ನೀರಿಗೆ, ತಳ ಗಟ್ಟಿ ಇರುವ ಜಾಗಕ್ಕೆ. ಹರಿಯುವ ನೀರು ಎರಡು ಅಡಿ ಇದ್ದರೆ ಎಂಥ ದೊಡ್ಡ ಗಾಡಿಯನ್ನೂ ತೇಲಿಸಿಕೊಂಡು ಹೋಗಬಹುದು. ಹರಿಯುತ್ತಿದ್ದರೆ, ರಸ್ತೆಯ ಅಂಚು ಕಾಣದಿದ್ದರೆ, ವಾಪಸು ಬನ್ನಿ.

ನಿಂತ ನೀರು ಕಡಿಮೆ ಇದ್ದು ದಾಟಲೇಬೇಕಾದರೆ: ಒಂದನೇ ಗೇರ್, ನಡೆಯುವ ವೇಗ, ನಡುವೆ ಗೇರ್ ಬದಲಿಸುವುದಿಲ್ಲ, ಎಕ್ಸಲರೇಟರ್ ಬಿಡುವುದಿಲ್ಲ. ದಾಟಿದ ಮೇಲೆ ಬ್ರೇಕ್ ಒಂದೆರಡು ಸಲ ಮೆಲ್ಲಗೆ ಒತ್ತಿ ಒಣಗಿಸಿ.

ನೀರಿನ ನಡುವೆ ಎಂಜಿನ್ ನಿಂತರೆ ಸೆಲ್ಫ್ ಹೊಡೆಯಬೇಡಿ. ಈ ಒಂದು ಸಾಲನ್ನು ಮನೆಯವರಿಗೆಲ್ಲ ಹೇಳಿಡಿ. ಸಿಲಿಂಡರಿನೊಳಗೆ ನೀರು ಇದ್ದರೆ ಅದು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೀ ತೆಗೆದು, ಇಳಿದು, ಟೋ ಮಾಡಿಸಿ. ಗ್ಯಾರೇಜಿನಲ್ಲಿ ಮೊದಲು ಏರ್ ಫಿಲ್ಟರ್, ಆಮೇಲೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಿ ನೀರು ತೆಗೆಯಬೇಕು. ಹೀಗೆ ಕೆಟ್ಟ ಎಂಜಿನ್ನಿಗೆ ಸಾಮಾನ್ಯ ಇನ್ಶೂರೆನ್ಸ್ ದುಡ್ಡು ಕೊಡುವುದು ಕಷ್ಟ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೇರೆಯೇ ಬರುತ್ತದೆ. ಕೊಡಗಿನಲ್ಲಿ ಅದು ಇರಬೇಕು.

ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ಹೋಗಿದ್ದರೆ ಒಂದು ವಾರದೊಳಗೆ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ), ಟ್ರಾನ್ಸ್‌ಫರ್ ಕೇಸ್ (ಫೋರ್ ವೀಲಿನ ಗೇರ್ ಪೆಟ್ಟಿಗೆ), ಗೇರ್ ಬಾಕ್ಸ್ ಆಯಿಲ್ ನೋಡಿಸಿ. ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಬದಲಿಸಲೇಬೇಕು. ಡಿಫರೆನ್ಷಿಯಲ್ ಮೇಲಿನ ಬ್ರೀದರ್ (ಗಾಳಿ ಹೊರಬಿಡುವ ಸಣ್ಣ ದಾರಿ) ಕೆಸರು ಕಟ್ಟಿದ್ದರೆ ಬಿಸಿ ಗಾಳಿ ಹೊರಗೆ ಹೋಗದೆ ಸೀಲ್ ಒತ್ತಿ ಆಯಿಲ್ ಸೋರುತ್ತದೆ. ಸೀಲ್ ಬದಲಿಸುವ ಮುಂಚೆ ಬ್ರೀದರ್ ನೋಡಿ.

ಫೋರ್ ವೀಲ್

ಬಳಸದೆ ಹಾಳಾಗುವ ಭಾಗ ಇದು. ತಿಂಗಳಿಗೊಮ್ಮೆ ಒದ್ದೆ ಮಣ್ಣಿನ ದಾರಿಯಲ್ಲಿ ಫೋರ್ ಹೈ (ಮಾಮೂಲಿ ವೇಗದ ಫೋರ್ ವೀಲ್) ಹಾಕಿ ಒಂದೆರಡು ಕಿ.ಮೀ. ಓಡಿಸಿ. ಆಯಿಲ್ ಎಲ್ಲ ಗೇರಿಗೂ ತಲುಪುತ್ತದೆ, ಫೋರ್ ವೀಲ್ ಜೋಡಿಸುವ ಮೋಟಾರ್ ಜಾಮ್ ಆಗುವುದಿಲ್ಲ. ಫೋರ್ ಲೋ (ವೇಗ ಕಡಿಮೆ, ಎಳೆತ ಜಾಸ್ತಿ) ಹಾಕುವಾಗ ಗಾಡಿ ನಿಲ್ಲಿಸಿ ನ್ಯೂಟ್ರಲ್ ಮಾಡಿ. ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲದ ಗಾಡಿಗಳಲ್ಲಿ ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡು ತಿರುವು ತೆಗೆಯಬೇಡಿ. ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ದೂರ ಓಡಬೇಕಾಗಿ ಗೇರಿನ ಹಲ್ಲುಗಳ ಮೇಲೆ ಒತ್ತಡ ಬೀಳುತ್ತದೆ.

ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ಗ್ರೀಸ್ ನಿಪ್ಪಲ್ ಇದ್ದರೆ ಮಳೆಗೆ ಮುಂಚೆ ಒಂದು ಸಲ, ಮಳೆ ಬಿಟ್ಟ ಮೇಲೆ ಒಂದು ಸಲ ಹೊಡೆಸಿ. ಹಳೆಯ ಗ್ರೀಸ್ ಹೊರಗೆ ಉಕ್ಕಿ ಬರುವವರೆಗೆ ಒತ್ತಬೇಕು.

ಮಳೆ ಬಿಟ್ಟ ಮೇಲೆ

ಕೈಲ್ ಪೊಳ್ದ್ (ಸೆಪ್ಟೆಂಬರ್ ಆರಂಭದ ಕೊಡವರ ಆಯುಧ ಹಬ್ಬ) ಕಳೆದು ಬಿಸಿಲು ಕಾಣಿಸಿಕೊಂಡಾಗ ಗಾಡಿಯನ್ನು ಲಿಫ್ಟಿಗೆ ಏರಿಸಿ ಹೊಟ್ಟೆ ತೊಳೆಸಿ. ಚಾಸಿಯ ಪೆಟ್ಟಿಗೆಯೊಳಗೂ ಪೈಪ್ ತೂರಿಸಿ, ತೂತಿನಿಂದ ಕೆಂಪು ನೀರು ಬಂದು ತಿಳಿಯಾಗುವವರೆಗೆ ಬಿಡಿಸಿ. ಎರಡು ಮೂರು ದಿನ ಬಿಸಿಲಿಗೆ ಪೂರ್ತಿ ಒಣಗಲಿ. ಆಮೇಲೆ ಟಾರ್ಚ್, ಸಣ್ಣ ಸುತ್ತಿಗೆ ಹಿಡಿದು ನೋಡಿ. ಮೇಲ್ಮೈ ತುಕ್ಕಾದರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಪ್ರೈಮರ್ ಹೊಡೆದು ಬಣ್ಣ ಹಚ್ಚಿ. ತಟ್ಟಿದಾಗ ಪದರ ಉದುರಿದರೆ, ಶಬ್ದ ಮಂಕಾದರೆ, ಚಾಸಿ ಕೆಲಸ ಗೊತ್ತಿರುವವರಿಗೆ ತೋರಿಸಿ.

ಅಂಡರ್ ಕೋಟಿಂಗ್ ಒಣಗಿದ, ಶುದ್ಧ ಕಬ್ಬಿಣದ ಮೇಲೆ ಮಾತ್ರ. ಮೇ ತಿಂಗಳ ಅವಸರದಲ್ಲಿ ಕೆಸರಿನ ಮೇಲೆಯೇ ಕಪ್ಪು ಬಳಿಸಿದರೆ ಒಳಗೆ ತೇವ ಸಿಕ್ಕಿ ತುಕ್ಕು ಕಾಣದಂತೆ ಬೆಳೆಯುತ್ತದೆ. ಪೆಟ್ಟಿಗೆಯ ಒಳಗೋಡೆಗೆ ಮೇಣದಂಥ ಕೋಟಿಂಗ್ ಸಿಗುತ್ತದೆ, ಅದು ಒಳ್ಳೆಯದು. ಹಳೆಯ ಎಂಜಿನ್ ಆಯಿಲ್ ಹೊಡೆಯುವ ರೂಢಿ ಬಿಡಿ. ರಬ್ಬರ್ ಬುಷ್‌ಗಳು ಉಬ್ಬಿ ಹರಿಯುತ್ತವೆ, ಮಳೆಗೆ ಅದೇ ಎಣ್ಣೆ ತೊಳೆದು ನಮ್ಮ ತೋಡಿಗೆ (ಹಳ್ಳಕ್ಕೆ) ಹೋಗುತ್ತದೆ.

ಲಿಫ್ಟಿನಲ್ಲೇ ಸಸ್ಪೆನ್ಷನ್ ನೋಡಿ. ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಎಡ ಬಲ ಹಿಡಿದಾಗ ಆಟ ಬಂದರೆ ಟೈ ರಾಡ್. ಗುಂಡಿ ರಸ್ತೆಯಲ್ಲಿ ಮುಂದೆ ಕಟಕಟ ಅನ್ನುತ್ತಿದ್ದರೆ ಮೊದಲು ಸ್ಟೆಬಿಲೈಸರ್ ಲಿಂಕ್, ಆಮೇಲೆ ಲೋವರ್ ಆರ್ಮ್ ಬುಷ್ ನೋಡಿಸಿ. ನೇರ ಶಾಕ್ ಅಬ್ಸಾರ್ಬರಿಗೆ ಕೈ ಹಾಕಬೇಡಿ. ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಹರಿದಿದ್ದರೆ ಅದೇ ವಾರ ಬದಲಿಸಿ. ಬೂಟಿನ ಬೆಲೆ ಸಣ್ಣದು, ಕೆಸರು ಸೇರಿ ಜಾಯಿಂಟ್ ಹೋದರೆ ದೊಡ್ಡದು.

ಡಿಸೆಂಬರಿನಿಂದ ಕಾಫಿ ಕೊಯ್ಲು. ದಾರಿಯೆಲ್ಲ ಧೂಳು. ಏರ್ ಫಿಲ್ಟರ್ ತಿಂಗಳಿಗೊಮ್ಮೆ ಹೊರತೆಗೆದು ಮೆಲ್ಲಗೆ ತಟ್ಟಿ, ಬೆಳಕಿಗೆ ಹಿಡಿದು ನೋಡಿ.

ತೋಟದ ಸಾಮಾನು ಹೇರುವವರಿಗೆ

ಹತ್ತು ಮೂಟೆ ಪೊಟ್ಯಾಷ್ ಅಂದರೆ 500 ಕೆ.ಜಿ. ಅದರ ಮೇಲೆ ನಾಲ್ಕು ಜನ ಕುಳಿತರೆ ಏಳು ಸೀಟಿನ ಗಾಡಿಯ ಮಿತಿ ಮುಗಿಯಿತು. ಭಾರಕ್ಕಿಂತ ಹೆಚ್ಚು ಕೆಡಿಸುವುದು ಚೆಲ್ಲಿದ ಪುಡಿ. ಪೊಟ್ಯಾಷ್ ಒಂದು ಥರದ ಉಪ್ಪೇ. ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ. ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತರುವ ಮೈಲುತುತ್ತ ಅದಕ್ಕಿಂತ ಕೆಟ್ಟದ್ದು, ಅದರ ನೀರು ಕಬ್ಬಿಣಕ್ಕೆ ತಾಗಿದರೆ ತಾಮ್ರ ಬಿಟ್ಟು ಕಬ್ಬಿಣ ಕರಗಿಸುತ್ತದೆ. ಸ್ಪ್ರೇಯರ್, ಡ್ರಮ್, ಗೊಬ್ಬರ ಸಾಗಿಸಲು ಪಿಕಪ್ ಕರೆಸಿ. ಆಗದಿದ್ದರೆ ಅಂಚು ಎತ್ತರವಿರುವ ದಪ್ಪ ರಬ್ಬರ್ ಟ್ರೇ ಹಾಕಿ, ಇಳಿಸಿದ ದಿನವೇ ಮ್ಯಾಟ್ ಎತ್ತಿ ತೊಳೆದು ಒಣಗಿಸಿ.

ಗ್ಯಾರೇಜಿನಲ್ಲಿ ಮಾತಾಡುವಾಗ

‘ಏನೋ ಶಬ್ದ’ ಅನ್ನುವುದಕ್ಕಿಂತ ಯಾವ ವೇಗದಲ್ಲಿ, ಏರಿನಲ್ಲೋ ಇಳಿಜಾರಿನಲ್ಲೋ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ ಅಂತ ಬರೆದುಕೊಂಡು ಹೋಗಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಎಂಜಿನ್ ದೀಪ ಹತ್ತಿದ್ದರೆ ಸ್ಕ್ಯಾನರಿನ ಕೋಡ್ ಅಳಿಸುವ ಮುಂಚೆ ಫೋಟೋ ತೆಗೆದುಕೊಳ್ಳಿ. ಕೋಡ್ ಒಂದು ಸೆನ್ಸರಿನ ಹೆಸರು ಹೇಳಿದ ಮಾತ್ರಕ್ಕೆ ಆ ಸೆನ್ಸರೇ ಕೆಟ್ಟಿರಬೇಕಿಲ್ಲ. ನಮ್ಮ ಊರಿನಲ್ಲಿ ಅರ್ಧಕ್ಕರ್ಧ ಸಲ ಅದು ತೇವ ಹಿಡಿದ ಕಪ್ಲರ್ (ವೈರ್ ಜೋಡಣೆ) ಅಥವಾ ಇಲಿ ಕಡಿದ ವೈರ್. ಅದನ್ನು ನೋಡದೆ ದುಬಾರಿ ಡಬ್ಬಿ ಬದಲಿಸಲು ಒಪ್ಪಬೇಡಿ. ಬಿಚ್ಚಿದ ಹಳೆಯ ಭಾಗ ಕೇಳಿ ಪಡೆಯಿರಿ.

ದಿನದ ಕೆಲಸಕ್ಕೆ ಒಳ್ಳೆಯ ಊರ ಮೆಕ್ಯಾನಿಕ್ ಸಾಕು, ಹೆಚ್ಚಿನ ಸಲ ಅವರ ಕಣ್ಣೇ ಚುರುಕು. ಏರ್ ಬ್ಯಾಗ್, ಎಬಿಎಸ್, ಇಂಜೆಕ್ಟರ್, ಆಟೋಮ್ಯಾಟಿಕ್ ಗೇರ್ ಬಾಕ್ಸ್ ಮಾತ್ರ ಸರಿಯಾದ ಉಪಕರಣ ಇರುವ ಕಡೆಯೇ ಆಗಬೇಕು. ಎಂಡೀವರ್ ಇರುವವರು ಇನ್ನೊಂದು ಗಮನಿಸಿ. ಫೋರ್ಡ್ 2021ರಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಫಿಲ್ಟರ್, ಪ್ಯಾಡ್, ಬೆಲ್ಟ್‌ಗಳನ್ನು ಒಂದು ಸುತ್ತು ಮುಂಚೆಯೇ ತರಿಸಿ ಮನೆಯಲ್ಲಿಡಿ. 2018ರ ಆಗಸ್ಟಿನ ಭೂಕುಸಿತಕ್ಕೆ ಮಡಿಕೇರಿ–ಸಂಪಾಜೆ ರಸ್ತೆಯೇ ಬಂದ್ ಆಗಿತ್ತು. ಮಂಗಳೂರಿನಿಂದ ಸಾಮಾನು ನಾಳೆ ಬರುತ್ತದೆ ಅನ್ನುವ ಲೆಕ್ಕ ಮಳೆಗಾಲದಲ್ಲಿ ನಡೆಯುವುದಿಲ್ಲ. ಇದು ಎಲ್ಲ ಗಾಡಿಯವರಿಗೂ.

ದಾರಿಯಲ್ಲಿ ಕೆಟ್ಟು ನಿಂತರೆ

ಡಿಕ್ಕಿಯಲ್ಲಿ ಸದಾ ಇರಬೇಕಾದದ್ದು: ಒಂದೂವರೆ ಅಡಿ ಚೌಕದ ದಪ್ಪ ಹಲಗೆ (ಒದ್ದೆ ಮಣ್ಣಿನಲ್ಲಿ ಜಾಕಿ ಹೂತುಹೋಗದಂತೆ), ಉದ್ದ ಹಿಡಿಯ ಪಾನಾ, ಟೋ ಹಗ್ಗ, ಜಂಪರ್ ವೈರ್, ಫ್ಯೂಸ್‌ಗಳು, ತಲೆಗೆ ಕಟ್ಟುವ ಟಾರ್ಚ್, ಗಾಳಿ ತುಂಬುವ ಸಣ್ಣ ಪಂಪು, ಎರಡು ಲೀಟರ್ ಕೂಲಂಟ್, ಪ್ರತಿಫಲಕ ತ್ರಿಕೋನ, ಮಳೆ ಕೋಟು, ಕುಡಿಯುವ ನೀರು.

ಘಾಟಿ ಹತ್ತುವಾಗ ಬಿಸಿಯ ಮುಳ್ಳು ಏರಿದರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಹಾಕಿ, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಮುಳ್ಳು ಕೆಂಪಿಗೆ ಹೋಗಿದ್ದರೆ, ಆವಿ ಬರುತ್ತಿದ್ದರೆ ಎಂಜಿನ್ ಆಫ್. ರೇಡಿಯೇಟರ್ ಮುಚ್ಚಳವನ್ನು ಅರ್ಧ ಗಂಟೆಯಾದರೂ ಮುಟ್ಟಬೇಡಿ. ತಣ್ಣಗಾದ ಮೇಲೆ ಬಟ್ಟೆ ಹಿಡಿದು ನಿಧಾನಕ್ಕೆ ತೆರೆದು ಕೂಲಂಟ್ ಹಾಕಿ. ಬೇರೆ ದಾರಿಯೇ ಇಲ್ಲದೆ ತೋಡಿನ ನೀರು ಹಾಕಿದ್ದರೆ, ಊರು ಸೇರಿದ ಮೇಲೆ ಪೂರ್ತಿ ತೆಗೆದು ಹೊಸ ಕೂಲಂಟ್ ತುಂಬಿಸಿ.

ಚಕ್ರ ಬಿಚ್ಚುವುದಾದರೆ ತಿರುವಿನಲ್ಲಿ ಬೇಡ. ಪಂಕ್ಚರ್ ಆದ ಟೈರಿನಲ್ಲೇ ನಿಧಾನಕ್ಕೆ ನೂರು ಮೀಟರ್ ಹೋದರೂ ಪರವಾಗಿಲ್ಲ, ನೇರ ಜಾಗಕ್ಕೆ ಹೋಗಿ. ಟೈರ್ ಹೋದರೆ ಹೋಗಲಿ. ಇಳಿಜಾರಿನ ಕಡೆಯ ಚಕ್ರಗಳಿಗೆ ಕಲ್ಲು ಕೊಟ್ಟು, ಜನರನ್ನೆಲ್ಲ ಇಳಿಸಿ, ನೆಲದಲ್ಲಿರುವಾಗಲೇ ನಟ್ಟು ಸಡಿಲಿಸಿ ಆಮೇಲೆ ಜಾಕಿ ಏರಿಸಿ. ಬಿಚ್ಚಿದ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಿಡಿ, ಜಾಕಿ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ನಟ್ಟುಗಳನ್ನು ಎದುರು ಬದುರು ಬಿಗಿ ಮಾಡಿ. 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ತಿತಿಮತಿ–ಆನೆಚೌಕೂರು ಕಡೆಯ ಕಾಡು ದಾರಿಯಲ್ಲಿ ಸಂಜೆ ಮೇಲೆ ಗಾಡಿ ನಿಂತರೆ ಮಾತ್ರ ಇದಾವುದೂ ಬೇಡ. ಆನೆ ಓಡಾಡುವ ಜಾಗ ಅದು. ಇಳಿಯಬೇಡಿ, ಹಾರ್ನ್ ಮಾಡಬೇಡಿ. ಪಾರ್ಕಿಂಗ್ ದೀಪ ಹಾಕಿ, ಗಾಜು ಏರಿಸಿ ಒಳಗೇ ಇದ್ದು, ಹಿಂದೆ ಬರುವ ಬಸ್ಸೋ ಲಾರಿಯೋ ನಿಂತಾಗ ಅವರ ಸಹಾಯದಿಂದ ಚೆಕ್‌ಪೋಸ್ಟಿಗೆ ವಿಷಯ ಮುಟ್ಟಿಸಿ. ರಿಪೇರಿ ಬೆಳಿಗ್ಗೆ ಮಾಡಬಹುದು.